ಅಮೆರಿಕದ ಲೈನಿಗೆ ಪಾರಿಸನ ಪೇಟಿ

ಶಿರಗುಪ್ಪಿಯ ಪಾರಿಸ ಚೌಗುಲೆ ಬದುಕಿನಲ್ಲಿ ಯಾರ ಎದುರೂ "ನಿಂದ ಖರೆ" ಎಂದು ಸೋಲೊಪ್ಪಿದವನಲ್ಲ. ಬಸ್ಸಿನಲ್ಲಿ ಕಂಡಕ್ಟರು ಅವನ ಪೇಟಿಗೆ, ಎಂದರೆ ಹಾರ್ಮೋನಿಯಂ ಪೆಟ್ಟಿಗೆಗೆ, ಲಗೇಜ್ ಚೀಟಿ ಹರಿಯಲು ಬಂದರೆ, "ಇದು ನಮ್ಮ ಪಾರ್ಟಿ ಮನಶ್ಯಾ ಐತ್ರಿ, ಲಗೇಜ್ ಅಲ್ಲ" ಎಂದು ಕಾಗವಾಡದಲ್ಲಿ ಶುರುಮಾಡಿದ ವಾದ ಅಥಣಿ ಬಂದರೂ ಮುಗಿಯುತ್ತಿರಲಿಲ್ಲ. "ಹಂಗಾರ ಮನಶ್ಯಾಗ ಟಿಕೀಟ್ ತಗೀರಿ" ಎಂದು ಕಂಡಕ್ಟರು ಅಂದರೆ, "ಮೂರ ವರ್ಷದ ಒಳಗಿನ ಕೂಸಿಗೆ ಟಿಕೀಟ್ ಯಾವ ಕಾನೂನಿನಾಗ ಐತಿ?" ಎಂದು ಪೇಟಿಯ ವಯಸ್ಸು ಹೇಳುತ್ತಿದ್ದ. ಒಮ್ಮೆ ಒಂದು ಬಸದಿಯ ಪಂಡಿತರು ಸ್ತುತಿಯ ಧಾಟಿ ತಪ್ಪಾಯಿತು ಅಂದದ್ದಕ್ಕೆ ಅವನು ಎಷ್ಟು ವಾದಿಸಿದನೆಂದರೆ, ಪಂಡಿತರು ಮಂತ್ರ ಎಲ್ಲಿ ನಿಲ್ಲಿಸಿದ್ದೆ ಎಂಬುದನ್ನೇ ಮರೆತು ಮತ್ತೆ ಮೊದಲಿನಿಂದ ಹೇಳಬೇಕಾಯಿತು.

ನಾನು ಬಾಬಾಸಾಹೇಬ, ಅವನ ಬಗಲಲ್ಲಿ ಕೂತು ಢೋಲಕಿ ಬಾರಿಸಿದವನು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಮಾಸ್ತರರ ಕೈಯಲ್ಲಿ ಹೊಡೆತ ತಿಂದವರು ನಾವು, ಹಾಗಾಗಿ ಅವನನ್ನು ಏಕವಚನದಲ್ಲಿ ಬರೆಯುತ್ತೇನೆ. ಅವನ ಹೆಂಡತಿ, ನನಗೆ ಅತ್ತಿಗೆ ಸಮಾನರಾದ ರಾಜಮತಿ ವೈನಿಯನ್ನು ಮಾತ್ರ ಬಹುವಚನದಲ್ಲೇ ಬರೆಯುತ್ತೇನೆ, ಯಾಕೆಂದರೆ ಅವರು ಇದನ್ನು, ಕಡೆಯ ಪುಟ ಬಿಟ್ಟು, ನನ್ನಿಂದಲೇ ಓದಿಸಿಕೊಂಡು ಕೇಳುವವರಿದ್ದಾರೆ ಮತ್ತು ನನಗೆ ಇನ್ನೂ ಬದುಕುವ ಆಸೆ ಇದೆ.

ನಮ್ಮದು ಮೂರು ಜನರ ಸಂಗೀತ ಪಾರ್ಟಿ. ಕೃಷ್ಣೆಯ ಹೊಳೆಸಾಲಿನ ಜೈನರ ಊರುಗಳಲ್ಲಿ ಪೂಜೆ, ಪ್ರತಿಷ್ಠೆ ಏನೇ ನಡೆದರೂ ಮಂತ್ರದ ನಡುನಡುವೆ ಹಾಡು ಬೇಕು. ವೈನಿ ಹಾಡುತ್ತಿದ್ದರು, ಪಾರಿಸ ಪೇಟಿ ನುಡಿಸುತ್ತಿದ್ದ. ನಾನು ಜೈನನಲ್ಲ. ಪೂಜೆ ಮುಗಿಯುವವರೆಗೆ ಉಳ್ಳಾಗಡ್ಡಿ ಮುಟ್ಟುವುದಿಲ್ಲ ಎಂಬ ಕರಾರಿನ ಮೇಲೆ ನನ್ನನ್ನು ಇಟ್ಟುಕೊಂಡಿದ್ದರು. ಪಾರಿಸನ ಪೇಟಿಯ ಸುಖಕ್ಕೆ ನಾನು ಬೆಳ್ಳುಳ್ಳಿಯನ್ನೂ ಬಿಟ್ಟೇನು ಅನ್ನಿಸುತ್ತಿತ್ತು, ಅಷ್ಟು ಚೆನ್ನಾಗಿ ನುಡಿಸುತ್ತಿದ್ದ ಆ ಜಗಳಗಂಟ.

ಇನ್ನು ನಮ್ಮ ಕಡೆಯ ಕರೆಂಟಿನ ಮಾತು. ಎಂಬತ್ತರ ದಶಕದಲ್ಲಿ ಕೃಷ್ಣೆಯ ದಂಡೆಯ ಕಬ್ಬಿಗೆಲ್ಲ ಪಂಪ್‌ಸೆಟ್ಟುಗಳು ಬಂದವು. ಹೊಲಕ್ಕೆ ಕರೆಂಟು ಬಿಟ್ಟರೆಂದರೆ ಸಾಕು, ಹೊಳೆಸಾಲಿನ ಮೋಟಾರುಗಳೆಲ್ಲ ಒಮ್ಮೆಲೇ ನೀರೆತ್ತಲು ಶುರು, ಊರೊಳಗಿನ ಬಲ್ಬು ಕೆಂಪಗಾಗಲು ಶುರು. ಇನ್ನೂರ ಮೂವತ್ತು ವೋಲ್ಟ್ ಇರಬೇಕಾದ ಲೈನು ನೂರ ನಲವತ್ತಕ್ಕೆ ಬಂದು ಕೂಡುತ್ತಿತ್ತು. ಉಗಾರದಲ್ಲಿ ಸಕ್ಕರೆ ಫ್ಯಾಕ್ಟರಿಯ ಹತ್ತಿರ ಲೈನು ಗಟ್ಟಿ, ನಾಲ್ಕು ಹೊಲ ದಾಟಿದರೆ ಅದೇ ಲೈನು ಹಾಸಿಗೆ ಹಿಡಿದಿರುತ್ತಿತ್ತು. ಚಿಕ್ಕೋಡಿಯಲ್ಲಿ ದೊಡ್ಡ ಸಾಹೇಬರ ಕಚೇರಿಗಳಿದ್ದುದರಿಂದ ಕರೆಂಟೂ ಸಮವಸ್ತ್ರ ಹಾಕಿಕೊಂಡಂತೆ ಬರುತ್ತಿತ್ತು. ನಿಪ್ಪಾಣಿಯಲ್ಲಿ ತಂಬಾಕಿನ ವಖಾರಿಗಳು ನಡೆದಾಗ ಒಂದು ತರಹ, ಬಾಗಿಲು ಹಾಕಿದ ಮೇಲೆ ಇನ್ನೊಂದು ತರಹ. ಪರದೇಶದಲ್ಲಿ ಲೈನೇ ಬೇರೆ ಎಂದು ಯಾರಾದರೂ ಹೇಳಿದರೆ ನಮಗೆ ನಗು ಬರುತ್ತಿತ್ತು. ನಮಗೆ ಪಕ್ಕದೂರಿನ ಲೈನೇ ಬೇರೆ ಇರುತ್ತಿತ್ತು.

ಅದಕ್ಕೆಂದೇ ಉಗಾರ ಖುರ್ದದ ಜ್ಞಾನದೇವ ನಮಗೆ ಒಂದು ಬೂಸ್ಟರ್ ಮಾಡಿಕೊಟ್ಟಿದ್ದ. ಜ್ಞಾನದೇವನದು ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಬೂಸ್ಟರ್ ಎಂದರೆ ಒಂದು ತಗಡಿನ ಡಬ್ಬಿ, ಮೇಲೊಂದು ತಿರುಗಣಿ, ಅದಕ್ಕೆ ಒಂದರಿಂದ ಐದು ನಂಬರು. ಒಂದರಲ್ಲಿದ್ದರೆ ಲೈನು ಬಂದಷ್ಟೇ, ಲೈನು ಇಳಿದಾಗ ತಿರುಗಣಿಯನ್ನು ಐದರ ಕಡೆಗೆ ತಿರುವಿದರೆ ವೋಲ್ಟೇಜು ಏರುತ್ತದೆ. ಲೈನು ತಾನಾಗಿ ಏರಿದಾಗ ಮತ್ತೆ ಒಂದಕ್ಕೆ ತರಬೇಕು, ಇಲ್ಲವಾದರೆ ಹಚ್ಚಿದ್ದೆಲ್ಲ ಸುಡುತ್ತದೆ. ರಾಯಬಾಗದ ಕಡೆಯ ಒಂದು ಪೂಜೆಯಲ್ಲಿ ಹಾಗೇ ಆಯಿತು. ಆರತಿ ನಡೆದಾಗ ಹೊಲದ ಕರೆಂಟು ಹೋಗಿ ಪಂಪುಗಳೆಲ್ಲ ಒಮ್ಮೆಲೇ ನಿಂತವು, ಊರ ಲೈನು ಜಿಗಿಯಿತು, ನಮ್ಮ ತಿರುಗಣಿ ಐದರಲ್ಲೇ ಇತ್ತು. ನಮ್ಮ ಮೈಕಿನ ಆಂಪ್ಲಿಫೈಯರಿನಿಂದ ಹೊಗೆ ಎದ್ದಿತು. ಜನ ಅದನ್ನು ಧೂಪವೆಂದು ತಿಳಿದು ಕೈಮುಗಿದರು.

ಆವತ್ತಿನಿಂದ ಲೈನು ಕಾಯುವ ಕೆಲಸವನ್ನು ವೈನಿ ಯಾರಿಗೂ ಬಿಡಲಿಲ್ಲ. ಒಂದು ಹಲಗೆಗೆ ಹೋಲ್ಡರ್ ಬಡಿಸಿ, ಅದಕ್ಕೊಂದು ಬಲ್ಬು ಹಾಕಿ, ಆ ಹಲಗೆಯನ್ನು ಬೂಸ್ಟರಿಗೆ ಹಚ್ಚಿ ಕಣ್ಣೆದುರು ಇಟ್ಟುಕೊಳ್ಳುವರು. ಯಾವ ಊರಾದರೂ ಮೊದಲು ಬಲ್ಬು ಉರಿಯಬೇಕು, ಅದರ ಬಣ್ಣ ವೈನಿಗೆ ಒಪ್ಪಿಗೆಯಾಗಬೇಕು, ಆಮೇಲೆ ಉಳಿದದ್ದು. ಹಾಡುವಾಗಲೂ ಅವರ ನೋಟ ಬಲ್ಬಿನ ಮೇಲೆ. ಕೆಂಪಗಾದರೆ ಎಡ ಹುಬ್ಬು ಏರಿಸುವರು, ಬೆಳ್ಳಗಾದರೆ ಬಲ ಹುಬ್ಬು. ಅದನ್ನು ನೋಡಿ ನಾನು ಢೋಲಕಿಯ ನಡುವೆ ತಿರುಗಣಿ ತಿರುವಬೇಕು. ಕೂತ ಜನ ಮಾತ್ರ, ಈ ತಾಯಿಯ ದೃಷ್ಟಿ ಭಗವಂತನಲ್ಲಿ ಹೇಗೆ ನೆಟ್ಟಿದೆ ನೋಡಿ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ವರ್ಷಗಳವರೆಗೆ ಆ ಬಲ್ಬು ನಮಗೆ ಒಮ್ಮೆಯೂ ಸುಳ್ಳು ಹೇಳಲಿಲ್ಲ.

ಎಂಬತ್ತೆಂಟರಲ್ಲಿ ಪಾರಿಸನಿಗೆ ಲಕ್ವಾ ಹೊಡೆಯಿತು. ಬಾಯಿ ಸೊಟ್ಟಾಗಿ ಮತ್ತೆ ನೆಟ್ಟಗಾಯಿತು, ವಾದ ನಿಲ್ಲಲಿಲ್ಲ. ಹೋದದ್ದು ಎಡಗೈ. ಪೇಟಿ ನುಡಿಸುವವನಿಗೆ ಬಲಗೈ ಸ್ವರಕ್ಕೆ, ಎಡಗೈ ಗಾಳಿಗೆ. ಪೇಟಿಯ ಹಿಂಬದಿಯ ತಿದಿಯನ್ನು ಎಡಗೈಯಿಂದ ಒತ್ತಿ ಒತ್ತಿ ಗಾಳಿ ತುಂಬದಿದ್ದರೆ ಬಲಗೈ ಎಷ್ಟು ಜಾಣವಾದರೂ ಅದು ಬರೀ ಕಟ್ಟಿಗೆಯ ಪೆಟ್ಟಿಗೆ. ವೈನಿ ಒಂದು ದಿನ ಎದುರು ಕೂತು, "ನಾ ಗಾಳಿ ಹಾಕ್ತೇನಿ, ನೀವ ಬಾರಸ್ರಿ" ಎಂದು ತಿದಿಗೆ ಕೈ ಇಟ್ಟರು. ಪಾರಿಸ ಬಲಗೈಯಿಂದ ಪೇಟಿಯ ಮುಚ್ಚಳ ಧಡ್ ಎಂದು ಹಾಕಿದ.

"ನನ್ನ ಪೇಟಿಗೆ ಮಂದಿ ಕೈಲೆ ಗಾಳಿ ಬ್ಯಾಡ" ಅಂದ.

"ನಾ ಮಂದಿ ಏನ್ರಿ?"

"ನನ್ನ ಕೈ ಅಲ್ದಿದ್ದೆಲ್ಲಾ ಮಂದೀನ. ಗಾಳಿ ನಂದ ಇದ್ರ ಬಾರಸ್ತೇನಿ, ಇಲ್ಲಂದ್ರ ಪೇಟಿ ಮಾರಿ ಬಿಡ್ತೇನಿ."

ಮಾರಲಿಲ್ಲ, ಆದರೆ ಮುಟ್ಟಲೂ ಇಲ್ಲ. ವೈನಿಯೂ ನಾನೂ ಬೇರೆ ಪೇಟಿಯವರನ್ನು ಕರೆದುಕೊಂಡು ಹೋಗುತ್ತಿದ್ದೆವು, ಅವನು ಕಟ್ಟೆಯ ಮೇಲೆ ಕೂತು ಹೋಗಿಬರುವವರ ಕೂಡ ಜಗಳ ತೆಗೆಯುತ್ತಿದ್ದ. ಜಗಳದಲ್ಲೂ ಹಿಂದಿನ ಹುರುಪು ಇರಲಿಲ್ಲ. ನನ್ನ ಗೆಳೆಯ ಹೀಗೇ ಕೂತು ಕೂತು ಹೋಗಿಬಿಡುತ್ತಾನೆಂದು ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಕಡೆಗೆ ಜ್ಞಾನದೇವನ ಅಂಗಡಿಗೆ ಹೋಗಿ ಅವನ ಮುಂದೆ ಗೋಳು ತೋಡಿಕೊಂಡೆ. ಅವನು ಹೊಲಿಗೆ ಮಷಿನ್ನಿನ ಮೋಟಾರೊಂದನ್ನು ತಂದು, ಅದರ ಬೆಲ್ಟಿಗೆ ಒಂದು ಗಾಲಿ, ಗಾಲಿಗೆ ಒಂದು ಸಲಾಕೆ, ಸಲಾಕೆಯ ತುದಿಗೆ ಪೇಟಿಯ ತಿದಿ ಹೀಗೆ ಜೋಡಿಸಿದ. ಮೋಟಾರು ತಿರುಗಿದರೆ ತಿದಿ ತಾನಾಗಿ ಒತ್ತಿ ಬಿಡುತ್ತಿತ್ತು. ಮೋಟಾರಿನ ಪೆಡಲ್ಲು ಪಾರಿಸನ ಬಲಗಾಲ ಕೆಳಗೆ. ಜಾಸ್ತಿ ತುಳಿದರೆ ಜಾಸ್ತಿ ಗಾಳಿ, ಕಡಿಮೆ ತುಳಿದರೆ ಕಡಿಮೆ. "ಗಾಳಿ ನಂದ ಆತ" ಎಂದು ಪಾರಿಸ ಒಪ್ಪಿದ. ಮೋಟಾರಿನ ಗುಂಯ್‌ಗುಟ್ಟುವಿಕೆ ಇತ್ತು, ಅದಕ್ಕೆ "ತಂಬೂರಿ ಐತಿ ಅಂತ ತಿಳಕೋರಿ" ಅನ್ನುತ್ತಿದ್ದ. ಅಂತೂ ಅವನು ಮತ್ತೆ ಹೆಂಡತಿಯ ಬಗಲಿಗೆ ಬಂದು ಕೂತ, ಮತ್ತೆ ಮನುಷ್ಯನಾದ. ಆ ಮೋಟಾರು ಸುಟ್ಟರೆ ಪಾರಿಸ ಮತ್ತೆ ಕಟ್ಟೆಗೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ವೈನಿ ಮೊದಲು ಬಲ್ಬನ್ನು ಒಮ್ಮೆ ನೋಡುತ್ತಿದ್ದರೆ ಈಗ ಹತ್ತು ಸಲ ನೋಡತೊಡಗಿದರು.

ತೊಂಬತ್ತನಾಲ್ಕರಲ್ಲಿ ಅಮೆರಿಕದಿಂದ ಕರೆ ಬಂತು. ಅಥಣಿಯ ದ್ರಾಕ್ಷಿ ಬೆಳೆಗಾರರ ಮಗಳು ಸುಗಂಧಾ, ಮೈಸೂರು ಕಡೆಯ ಡಾಕ್ಟರೊಬ್ಬರನ್ನು ಮದುವೆಯಾಗಿ ಅಲ್ಲಿದ್ದಳು. ಅವರ ಊರಿನಲ್ಲಿ ಹೊಸ ಬಸದಿ, ಮೂರ್ತಿ ಪ್ರತಿಷ್ಠೆಗೆ ಐದು ದಿನದ ಪಂಚಕಲ್ಯಾಣ ಪೂಜೆ. ಚಿಕ್ಕಂದಿನಲ್ಲಿ ಕೇಳಿದ ರಾಜಮತಿಬಾಯಿಯ ಹಾಡೇ ಬೇಕೆಂದು ಅವಳ ಹಟ. ಊರಿನ ಹೆಸರು ನನಗೆ ಇವತ್ತಿಗೂ ಬಾಯಿಗೆ ಬರುವುದಿಲ್ಲ, ಬಂದರೂ ನೀವು ಅಲ್ಲಿಗೆ ಹೋಗುವವರಲ್ಲ.

ಹೊರಡುವ ಮುನ್ನ ಜ್ಞಾನದೇವ ಬೂಸ್ಟರಿನ ಧೂಳು ಒರೆಸಿ ಕೊಟ್ಟ. "ಲೈನ್ ಕಮೀ ಇದ್ರ ಏರಸ್ರಿ, ಜಾಸ್ತಿ ಇದ್ರ ಇಳಸ್ರಿ. ಬಾಕೀ ವೈನೀದ ಬಲ್ಬ್ ಐತೆಲ್ಲ" ಅಂದ. ಅವನ ಪರದೇಶ ಜ್ಞಾನ ಮಿರಜ ಸ್ಟೇಷನ್ನಿಗೆ ಮುಗಿಯುತ್ತಿತ್ತು. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಪೇಟಿಯ ಬೆನ್ನಿಗೆ ಮೋಟಾರು, ತಂತಿ, ಪೆಡಲ್ಲು ನೋಡಿ ನಮ್ಮನ್ನು ಬದಿಗೆ ನಿಲ್ಲಿಸಿದರು. ಪಾರಿಸ ಅವರ ಕೂಡ ಕನ್ನಡದಲ್ಲೂ ಮರಾಠಿಯಲ್ಲೂ ವಾದ ಮಾಡಿ, ಕಡೆಗೆ ಒಂದು ಸ್ತುತಿಯ ಅರ್ಧ ನುಡಿ ಹಾಡಿದ. ಅವರು ಗಾಬರಿಯಾಗಿ ಬಿಟ್ಟುಬಿಟ್ಟರು.

ಸುಗಂಧಾಳ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ವೈನಿಯ ಬಲ್ಬು ಚೂರುಚೂರು, ಹೋಲ್ಡರು ಎರಡು ತುಂಡು. ವೈನಿಯ ಮುಖ ಸಣ್ಣದಾಯಿತು.

ಡಾಕ್ಟರು ಒಳ್ಳೆಯ ಮನುಷ್ಯ. "ಅದು ಬೇಕಾಗಿಲ್ಲ ಅಮ್ಮ. ಇಲ್ಲಿ ವೋಲ್ಟೇಜು ನೂರಹತ್ತು, ನಮ್ಮ ದೇಶದ ಅರ್ಧ. ನಿಮ್ಮ ಡಬ್ಬಿಯಲ್ಲಿ ಏರಿಸಿಕೊಂಡರೆ ಆಯಿತು" ಎಂದು ಸರಿಯಾಗೇ ಹೇಳಿದರು.

"ನೂರಹತ್ತಾ?" ವೈನಿ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದರು. "ಡಾಕ್ಟರ್ರ, ನಮ್ಮೂರಾಗ ಕಬ್ಬಿಗೆ ನೀರ ಬಿಟ್ಟಾಗ ನೂರನಲವತ್ತ ಇರತೈತಿ, ದೀಪಾ ಮಿಣಿಮಿಣಿ ಅಂತಾವು. ಇಲ್ಲಿ ನೋಡಿದ್ರ ಗ್ವಾಡಿ ಮ್ಯಾಲಿನ ಇರಿವಿ ಕಾಣಾಕತ್ತೈತಿ. ಇದು ಫುಲ್ ಲೈನ್ ಐತಿ."

ಪರೀಕ್ಷೆಯಾಗದೆ ಅವರು ಬಿಡುವವರಲ್ಲ. ಸುಗಂಧಾಳ ಟೇಬಲ್ ಲ್ಯಾಂಪ್ ತರಿಸಿ ಅದರ ಟೊಪ್ಪಿಗೆ ತೆಗೆಸಿದರು. ಬೂಸ್ಟರನ್ನು ಗೋಡೆಗೆ ಹಚ್ಚಲು ಡಾಕ್ಟರು ಒಂದು ಅಡಾಪ್ಟರ್ ಕೊಟ್ಟರು, ಆದರೆ ಲ್ಯಾಂಪಿನ ಚಪ್ಪಟೆ ಪಿನ್ನು ನಮ್ಮ ಬೂಸ್ಟರಿಗೆ ಹೊಂದಲಿಲ್ಲ. ನಾನು ಪಿನ್ನು ಕತ್ತರಿಸಿ, ತಂತಿಯ ತುದಿ ಹಲ್ಲಿನಿಂದ ಸುಲಿದು, ಬೂಸ್ಟರಿನ ತೂತಿಗೆ ಚುಚ್ಚಿ ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಬಿಗಿ ಮಾಡಿದೆ. ನಮ್ಮೂರಲ್ಲಿ ಹಿಟ್ಟಿನ ಗಿರಣಿಯೂ ಹೀಗೇ ನಡೆಯುತ್ತದೆ. ಡಾಕ್ಟರು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. ಅದು ಅವರ ಮದುವೆಗೆ ಬಂದ ಲ್ಯಾಂಪಂತೆ. ತಿರುಗಣಿ ಒಂದರಲ್ಲಿಟ್ಟು ಸ್ವಿಚ್ ಹಾಕಿದರೆ ಲ್ಯಾಂಪು ಫಳ್ ಎಂದು ಹತ್ತಿಕೊಂಡಿತು.

"ನೋಡ್ರಿ" ಅಂದರು ವೈನಿ. "ಚಿಕ್ಕೋಡಿಯಾಗೂ ಇಂಥಾ ಬೆಳಕ ನೋಡಿಲ್ಲ ನಾ. ಇದನ್ನ ಏರಿಸಿದ್ರ ಮೋಟಾರ್ ಉಳೀತೈತೇನು? ಒಂದರ ಮ್ಯಾಲೇ ಇಡು ಬಾಬಾಸಾಹೇಬ."

ಆ ಲ್ಯಾಂಪಿನ ಬಲ್ಬನ್ನು ಅಲ್ಲಿಯ ನೂರಹತ್ತಿಗೆಂದೇ ಮಾಡಿರುತ್ತಾರೆ, ಅದು ಅಲ್ಲಿ ಫಳಫಳಿಸದೆ ಇನ್ನೇನು ಮಾಡೀತು ಎಂಬುದು ನಮ್ಮ ಮೂವರ ತಲೆಗೂ ಹೊಳೆಯಲಿಲ್ಲ. ನಮ್ಮ ಲೆಕ್ಕದಲ್ಲಿ ಬಲ್ಬು ಎಂದರೆ ಬಲ್ಬು, ಅದರ ಬೆಳಕೇ ಲೈನಿನ ಜಾತಕ. ಡಾಕ್ಟರು ಬಾಯಿ ತೆರೆದರು. "ನಾಡಿ ನೀವ ನೋಡ್ರಿ, ಲೈನ್ ನಾ ನೋಡತೇನಿ" ಎಂದು ವೈನಿ ಮುಚ್ಚಿಸಿದರು.

ಸಂಜೆ ತಾಲೀಮಿಗೆ ಕೂತಾಗ ಪಾರಿಸ ಪೆಡಲ್ಲು ತುಳಿದ. ಮೋಟಾರು ನರಳಿತು. ಪೂರ್ತಿ ತುಳಿದರೂ ಗಾಲಿ ಗಬ್ಬದ ಎಮ್ಮೆಯ ಹಾಗೆ ತೂಗಾಡುತ್ತ ಅರ್ಧ ಸುತ್ತು ಬಂದು ನಿಲ್ಲುತ್ತಿತ್ತು. ಪೇಟಿಯಿಂದ ಸ್ವರದ ಬದಲು ಕೆಮ್ಮು ಬಂತು. ವಿಮಾನದವರು ಮೋಟಾರನ್ನು ಎತ್ತಿ ಒಗೆದಿದ್ದಾರೆ ಎಂದು ವೈನಿ, ಅದಕ್ಕೆ ಎಣ್ಣೆ ಕಡಿಮೆಯಾಗಿದೆ ಎಂದು ನಾನು. ಪಾರಿಸ ಮಾತ್ರ "ಲೈನ್ ಕಡಿಮಿ ಐತಿ, ನನ್ನ ಕಾಲಿಗೆ ತಿಳಿಯಾಕತ್ತೈತಿ" ಅಂದ. ಲ್ಯಾಂಪು ಎದುರಿಗೇ ಉರಿಯುತ್ತಿದ್ದುದರಿಂದ ಅವನ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ.

ಡಾಕ್ಟರು ಸಂಕೋಚದಿಂದ ಹೇಳಿದರು: "ಪೇಟಿ ಮಾಸ್ತರು ದಣಿದಿದ್ದಾರೆ. ಇಲ್ಲೊಬ್ಬರು ಗುಜರಾತಿ ಡಾಕ್ಟರಿದ್ದಾರೆ, ಹಲ್ಲಿನವರು, ಕೀಬೋರ್ಡು ಚೆನ್ನಾಗಿ ನುಡಿಸುತ್ತಾರೆ. ಬೇಕಾದರೆ ಅವರು ಅಮ್ಮನ ಜೊತೆ ಕೂರಲಿ."

ಪಾರಿಸ ಪೇಟಿಯ ಮುಚ್ಚಳ ಹಾಕಿದ. ಅವನು ವಾದ ಮಾಡದೆ ಬಿಟ್ಟದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಯ ಹಾಲ್. ಪೂಜೆಯಲ್ಲಿ ಇಂದ್ರ ಇಂದ್ರಾಣಿಯ ಪಾತ್ರ ವಹಿಸುವ ದಂಪತಿಗಳು ತಗಡಿನ ಕಿರೀಟ ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಹಲ್ಲಿನ ಡಾಕ್ಟರು ತಮ್ಮ ಕೀಬೋರ್ಡು ತಂದು ವೇದಿಕೆಯ ಬದಿಗೆ ಒರಗಿಸಿ, ಬಹಳ ವಿನಯದಿಂದ ನಕ್ಕರು. ಅವರ ಹಲ್ಲು ಚೆನ್ನಾಗಿದ್ದವು. ನಾವು ಪೇಟಿ, ಬೂಸ್ಟರು, ಸುಗಂಧಾಳ ಲ್ಯಾಂಪು ಇಟ್ಟುಕೊಂಡು ಕೂತೆವು. ಮೋಟಾರು ಮತ್ತೆ ನರಳಿತು.

"ಏರಸ್ಲೇ" ಎಂದ ಪಾರಿಸ ನನಗೆ, ಪೆಡಲ್ಲಿನಿಂದ ಕಾಲು ತೆಗೆದು.

ವೈನಿ ಎರಡೂ ಹುಬ್ಬು ಗಂಟಿಕ್ಕಿದರು. ಆದರೂ ನಾನು ತಿರುವಿದೆ, ಯಾಕೆಂದರೆ ಅವನ ದನಿ ಕೇಳಲಾಗಲಿಲ್ಲ. ಎರಡಕ್ಕೆ ಲ್ಯಾಂಪು ಇನ್ನೂ ಬೆಳ್ಳಗಾಯಿತು. ಮೂರಕ್ಕೆ ನೋಡಲು ಕಣ್ಣು ಕುಕ್ಕಿತು. ನಾಲ್ಕಕ್ಕೆ ತಿರುವಿದ್ದೇ ತಡ, ಠಪ್ ಎಂದು ಬಲ್ಬು ಸಿಡಿಯಿತು. ಒಬ್ಬ ಇಂದ್ರನ ಕಿರೀಟ ಕೆಳಗೆ ಬಿತ್ತು. ವೈನಿ ಒಂದೇ ಜಗ್ಗಿಗೆ ಬೂಸ್ಟರಿನ ವಾಯರು ಕಿತ್ತು ಕೈಯಲ್ಲಿ ಹಿಡಿದುಕೊಂಡರು.

"ಅಮ್ಮ, ಅದು ಇಲ್ಲಿಯ ಬಲ್ಬು" ಎಂದು ಸುಗಂಧಾಳ ಗಂಡ ಡಾಕ್ಟರು ಓಡಿಬಂದರು. "ನೂರಹತ್ತಕ್ಕೆ ಮಾಡಿದ್ದು. ಏರಿಸಿದರೆ ಸಿಡಿಯಲೇಬೇಕು. ನಿಮ್ಮ ಮೋಟಾರು ಇನ್ನೂರ ಮೂವತ್ತಕ್ಕೆ ಮಾಡಿದ್ದು, ಅದಕ್ಕೆ ಏನೂ ಆಗುವುದಿಲ್ಲ. ಪೂರ್ತಿ ಏರಿಸಿ ಹಚ್ಚಿ."

"ಹಚ್ಚ" ಎಂದ ಪಾರಿಸ.

"ಹಚ್ಚಾಂಗಿಲ್ಲ" ಅಂದರು ವೈನಿ. ವಾಯರನ್ನು ಕೈಗೆ ಸುತ್ತಿಕೊಂಡರು. "ಬಲ್ಬ್ ಸಿಡಿದಾಗ ಹಚ್ಚಿದ್ದೆಲ್ಲಾ ಸುಟ್ಟೈತಿ ನಮ್ಮ ಕಡೆ. ಇಲ್ಲಿ ಇದು ಸುಟ್ರ ಸುತ್ತಾಕ ಜ್ಞಾನದೇವ ಬರತಾನೇನು? ಐದ ದಿನ ನೀವ ಏನ ಮಾಡ್ತೀರಿ? ಆ ಹಲ್ಲ ಕೀಳಾವನ ಹಿಂದ ಕುಂತ ತಾಳಾ ಬಡೀತೀರಿ? ಮುಂದ ಊರಿಗೆ ಹೋಗಿ ಮತ್ತ ಕಟ್ಟೀ ಮ್ಯಾಲ ಕುಂಡರತೀರಿ. ನನಗ ಅದನ್ನ ಮತ್ತ ನೋಡೂದ ಆಗೂದಿಲ್ಲ."

ಇಷ್ಟನ್ನೂ ಅವರು ಮೈಕಿನ ಎದುರೇ ಹೇಳಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಕನ್ನಡ ಬರುತ್ತಿರಲಿಲ್ಲ, ಯಾವುದೋ ಮಂತ್ರವೆಂದು ತಿಳಿದು ಸುಮ್ಮನಿದ್ದರು. ಪೂಜೆ ಮಾಡಿಸುವ ಪಂಡಿತರು ಕೆಮ್ಮಿದರು. ಹಲ್ಲಿನ ಡಾಕ್ಟರು ಕೀಬೋರ್ಡಿನ ಚೀಲದ ಜಿಪ್ಪು ಎಳೆದರು.

ಆ ಜಿಪ್ಪಿನ ಸಪ್ಪಳ ಕೇಳಿದ್ದೇ ವೈನಿ ಎದ್ದರು. ಮೋಟಾರಿನ ಸಲಾಕೆಯನ್ನು ಪೇಟಿಯಿಂದ ಕಳಚಿ ಬದಿಗಿಟ್ಟರು. ಪಾರಿಸನ ಎದುರಿಗೆ, ಜನರಿಗೆ ಪಕ್ಕೆ ಕೊಟ್ಟು, ಕಾಲು ಮಡಚಿ ಕೂತು ತಿದಿಯ ಮೇಲೆ ಕೈ ಇಟ್ಟರು.

"ತಗಿ ಕೈ" ಎಂದ ಪಾರಿಸ, ಹಲ್ಲು ಕಚ್ಚಿ.

"ತಗ್ಯಾಂಗಿಲ್ಲ. ಬಾರಸ್ರಿ."

"ರಾಜೀ, ಮಂದಿ ಮುಂದ ನನ್ನ ಮಾನಾ ಕಳೀಬ್ಯಾಡ. ತಗಿ ಅಂದ್ನೆಲ್ಲ."

ವೈನಿ ತಿದಿ ಒತ್ತುತ್ತಲೇ ಮಂಗಲಾಚರಣೆ ಎತ್ತಿಕೊಂಡರು. ಎತ್ತಿಕೊಂಡದ್ದು ತಪ್ಪು ಸ್ವರದಲ್ಲಿ, ಇರಬೇಕಾದ್ದಕ್ಕಿಂತ ಪೇಟಿಯ ಒಂದು ಮನೆ ಕೆಳಗೆ. ಬೇಕೆಂದೇ ತಪ್ಪಿದರೋ ಗಾಬರಿಯಲ್ಲಿ ತಪ್ಪಿದರೋ ನಾನು ಇವತ್ತಿನವರೆಗೂ ಕೇಳಿಲ್ಲ. ಆದರೆ ಪಾರಿಸನ ಎದುರು ತಪ್ಪು ಸ್ವರ ಹಿಡಿದು ಯಾರೂ ದಕ್ಕಿಸಿಕೊಂಡದ್ದಿಲ್ಲ. ಅವನ ಮುಖ ಕಹಿ ತಿಂದವನಂತಾಯಿತು, ಒಂದು ಗಳಿಗೆ ತಡೆದುಕೊಂಡ, ಎರಡನೆಯ ಗಳಿಗೆಗೆ ಅವನ ಬೆರಳು ತಾನಾಗಿ ಹೋಗಿ ಸರಿಯಾದ ಸ್ವರವನ್ನು ಒತ್ತಿತು. ಪೇಟಿಯಲ್ಲಿ ಗಾಳಿ ತುಂಬಿಕೊಂಡು ಕಾಯುತ್ತಿತ್ತು. ಸ್ವರ ಹಾಲ್ ತುಂಬ ಎದ್ದಿತು, ವೈನಿ ಅದರ ಮೇಲೆ ಬಂದು ನಿಂತರು. ನಾನು ಢೋಲಕಿಗೆ ಕೈ ಹಾಕಿದೆ. ಹಲ್ಲಿನ ಡಾಕ್ಟರು ಜಿಪ್ಪು ಮತ್ತೆ ಎಳೆದುಕೊಂಡು ಮೊದಲ ಸಾಲಿನಲ್ಲಿ ಕೂತು ತಲೆದೂಗಿದರು, ಸಜ್ಜನ ಮನುಷ್ಯ.

ಐದು ದಿನವೂ ಹಾಗೇ ನಡೆಯಿತು. ಪಾರಿಸ ಬಾಯಿ ಮುಚ್ಚಿಕೊಂಡು ನುಡಿಸಿದ ಎಂದರೆ ನೀವು ನಂಬಬೇಡಿ. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ, "ಇಷ್ಟ್ಯಾಕ ಒತ್ತತಿ, ಏನ್ ಕಬ್ಬಿನ ಗಾಣಾ ಇದು?" "ಅಲ್ಲಿ ಗಾಳಿ ಸಾಲಲಿಲ್ಲ, ಹೊಟ್ಟಿಗೆ ತಿಂದಿಯೋ ಇಲ್ಲೋ?" ಎಂದು ಗೊಣಗುತ್ತಲೇ ಇದ್ದ. ವೈನಿಯೂ ಬಿಡಲಿಲ್ಲ, "ನನಗ ಹಾಡೂ ಹೇಳೂದೈತಿ, ಗಾಳೀನೂ ಹಾಕೂದೈತಿ, ನಿಮಗ ಒಂದ ಕೈ ಆಡಸೂದ ಅಷ್ಟ" ಎಂದು ತಿರುಗಿ ಕೊಡುತ್ತಿದ್ದರು. ಆದರೆ ಹಾಡು ಶುರುವಾದರೆ ನನಗೆ ಬೇರೇನೋ ಕಾಣುತ್ತಿತ್ತು. ಅವನು ಸ್ವರವನ್ನು ಎಳೆಯುವ ಮೊದಲೇ ವೈನಿಯ ಕೈ ತಿದಿ ತುಂಬಿರುತ್ತಿತ್ತು. ಅವರು ಉಸಿರು ತೆಗೆದುಕೊಳ್ಳುವಲ್ಲಿ ಪೇಟಿಯೂ ಉಸಿರು ತೆಗೆದುಕೊಳ್ಳುತ್ತಿತ್ತು. ಲಕ್ವಾದ ಮುಂಚೆ, ಎರಡೂ ಕೈ ಗಟ್ಟಿ ಇದ್ದಾಗಲೂ, ಪಾರಿಸ ಹೀಗೆ ನುಡಿಸಿದ್ದನ್ನು ನಾನು ಕೇಳಿರಲಿಲ್ಲ. ಮೂರನೆಯ ದಿನ ನಾನು ತಾಳ ತಪ್ಪಿದೆ, ಕಣ್ಣಲ್ಲಿ ನೀರಿತ್ತು. ಅದರ ತಪ್ಪನ್ನು ಉಳ್ಳಾಗಡ್ಡಿಯ ಮೇಲೆ ಹಾಕುವಂತಿರಲಿಲ್ಲ.

ಊರಿಗೆ ಬಂದ ವಾರದಲ್ಲಿ ಪಾರಿಸ ಮೋಟಾರನ್ನು ಬಗಲಲ್ಲಿಟ್ಟುಕೊಂಡು ನನ್ನನ್ನು ಉಗಾರಕ್ಕೆ ಕರೆದೊಯ್ದ. ದಾರಿಯುದ್ದಕ್ಕೂ, ಅಮೆರಿಕದ ಲೈನು ಕಡಿಮೆಯೇ ಇತ್ತು, ಅದನ್ನು ಜ್ಞಾನದೇವನ ಬಾಯಿಂದ ಹೇಳಿಸಿ ಆಕೆಯ ಬಲ್ಬಿನ ಸೊಕ್ಕು ಇಳಿಸುತ್ತೇನೆ ಎಂದು ಹಾರಾಡಿದ. ಜ್ಞಾನದೇವ ಮೋಟಾರನ್ನು ನೆಟ್ಟಗೆ ಲೈನಿಗೆ ಹಚ್ಚಿದ. ಅದು ಗುರ್ ಎಂದು ಹೊಸದರ ಹಾಗೆ ತಿರುಗಿತು. ನಡೆದದ್ದನ್ನೆಲ್ಲ ನಾನು ಹೇಳಿದೆ.

ಜ್ಞಾನದೇವ ತಲೆ ತುರಿಸಿಕೊಂಡು ವಿಚಾರ ಮಾಡಿ, "ಡಾಕ್ಟರ್ರ ಹೇಳಿದ್ದ ಬರೋಬರ್ ಐತಿ ಮಾಸ್ತರ್ರ" ಅಂದ. "ಅಲ್ಲೀ ಬಲ್ಬ್ ಅಲ್ಲೀ ಲೈನಿಗೆ ಮಾಡಿದ್ದ ಅದು. ವೈನಿ ಚುಕಲ್ಯಾ, ತಪ್ಪಿದ್ರು. ಐದಕ್ಕ ತಿರುವಿ ಹಚ್ಚಿದ್ರ ಮೋಟಾರ್ ಚಲೋ ಓಡ್ತಿತ್ತ. ಇದಕ್ಕೇನೂ ಆಗಿಲ್ಲ, ತಗೊಂಡ ಹೋಗಿ ಪೇಟಿಗೆ ಹಚ್ಚರಿ."

ಗೆದ್ದ ಪಾರಿಸನನ್ನು ನಾನು ಬಹಳ ಸಲ ನೋಡಿದ್ದೇನೆ. ಅಂಗಡಿಯ ಮುಂದೆ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುತ್ತಾನೆ ಎಂದು ಕಾದೆ. ಅವನು ತಿರುಗುವ ಮೋಟಾರನ್ನೇ ನೋಡುತ್ತ ನಿಂತ, ಆಮೇಲೆ ತಾನೇ ಬಗ್ಗಿ ಸ್ವಿಚ್ ಬಂದ್ ಮಾಡಿದ.

"ಜ್ಞಾನದೇವಾ, ಇದು ಸುಟ್ಟೈತಿ" ಎಂದ.

"ಎಲ್ಲಿ ಸುಟ್ಟೈತ್ರಿ? ಈಗ ತಿರುಗಿತೆಲ್ಲ!"

"ಸುಟ್ಟೈತಿ ಅಂದ್ನಿ. ಯಾರರ ಕೇಳಿದ್ರ, ಆಕಿ ಬಂದ ಕೇಳಿದ್ರ, ಸುಟ್ಟೈತಿ, ಸುತ್ತಾಕ ಬರಾಂಗಿಲ್ಲ ಅಂತ ಹೇಳಬೇಕ. ಇದನ್ನ ಯಾವದರ ಹೊಲಿಗಿ ಮಷಿನ್‌ಗೆ ಹಚ್ಚಿ ಬಿಡ."

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಯಾಕಲೇ, ಮಂದಿ ಕೈಲೆ ಗಾಳಿ ಬ್ಯಾಡ ಅಂತಿದ್ದಿ?" ಎಂದೆ.

ಅವನು ನನ್ನ ಮುಖ ನೋಡಲಿಲ್ಲ. ಕಬ್ಬಿನ ಗಾಡಿಗಳು ಫ್ಯಾಕ್ಟರಿಯ ಕಡೆ ಹೋಗುತ್ತಿದ್ದವು, ಅವನ್ನು ನೋಡುತ್ತ ಹೇಳಿದ: "ಮುಂದಿನ ಸ್ವರ ಯಾವದ ಅಂತ ಮೋಟಾರಿಗೆ ಗೊತ್ತಿರಾಂಗಿಲ್ಲ ಬಾಬ್ಯಾ. ಆಕಿಗೆ ಗೊತ್ತಿರತೈತಿ. ಲಗ್ನ ಆದಾಗಿಂದ ಗೊತ್ತೈತಿ ಕಾಣತೈತಿ. ನನಗ ಗೊತ್ತಿರಲಿಲ್ಲ."

ಶಿರಗುಪ್ಪಿಗೆ ಬಂದಾಗ ವೈನಿ ಬಾಗಿಲಲ್ಲೇ ಇದ್ದರು. ಖಾಲಿ ಕೈ ನೋಡಿ, "ಮೋಟಾರ್ ಎಲ್ಲೈತ್ರಿ?" ಎಂದು ಕೇಳಿದರು.

"ಸುಟ್ಟೈತಂತ" ಅಂದ ಪಾರಿಸ.

ವೈನಿಯ ಮುಖದಲ್ಲಿ ಅಂಥ ಗೆಲುವನ್ನು ನಾನು ಅವರ ಮಗಳ ಮದುವೆಯಲ್ಲೂ ನೋಡಿರಲಿಲ್ಲ. "ಹೇಳಿದ್ನಿಲ್ಲೋ? ನಾಲ್ಕಕ್ಕ ಏರಿಸಿದಾಗ ಸುಟ್ಟಿರಬೇಕ. ಅಮೆರಿಕಾದ ಲೈನ್ ಜಾಸ್ತೀನ ಇತ್ತ. ಡಾಕ್ಟರ್ ಅಂತಾನ, ಕಡಿಮಿ ಐತಿ ಅಂತ! ನಿಮ್ಮ ಕಾಲ ಅಂತೈತಿ, ಕಡಿಮಿ ಐತಿ ಅಂತ! ಎಷ್ಟ ವರ್ಷದಿಂದ ಲೈನ್ ನೋಡಾಕತ್ತೇನಿ ನಾ?" ಎಂದು ಓಣಿಗೆಲ್ಲ ಕೇಳುವಂತೆ ಶುರುಮಾಡಿದರು. ಎದುರು ಮನೆಯ ಅಕ್ಕವ್ವ ಹೊರಗೆ ಬಂದು ನಿಂತಳು, ಚೌಗುಲೆಯವರ ಮನೆಯ ಜಗಳ ನೋಡುವುದನ್ನು ಬಿಡುವವಳಲ್ಲ ಅವಳು.

ಮೋಟಾರು ಸುಟ್ಟಿಲ್ಲ ಎಂದು ಹೇಳಲು ನಾನು ಮುಂದೆ ಬಂದೆ. ಪಾರಿಸ ಚಪ್ಪಲಿ ಬಿಟ್ಟ, ಕೈಕಾಲು ತೊಳೆದುಕೊಂಡ, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿದ.

"ನಿಂದ ಖರೆ ಇತ್ತ" ಅಂದ.

ಅಕ್ಕವ್ವ ಕಟ್ಟೆ ಇಳಿದು ಬಂದಳು. ವೈನಿ ಹತ್ತಿರ ಬಂದು ಅವನ ಹಣೆಗೆ ಕೈಯಿಟ್ಟು, ಆಮೇಲೆ ಕುತ್ತಿಗೆಗೆ ಇಟ್ಟು, "ಏನ್ರಿ, ಮೈಯಾಗ ಆರಾಮ ಐತಿಲ್ಲೊ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಆರಾಮದೇನಿ. ಪೇಟಿ ಇಲ್ಲಿ ತಾ. ಆ ಮಂಗಲಾಚರಣಾ ಅಲ್ಲಿ ತಪ್ಪ ಎತ್ತಿದಿ, ಇಲ್ಲರ ಸುದ್ದ ಹಾಡ" ಎಂದು ಪಾರಿಸ ಚಾಪೆಯ ಮೇಲೆ ಕೂತ. ನನ್ನ ಕಡೆ ತಿರುಗಿ, ನಿಂತು ಏನು ನೋಡುತ್ತೀ, ಢೋಲಕಿ ತೆಗಿ ಎಂದು ಬೈದ. ವೈನಿ ಪೇಟಿ ತಂದಿಟ್ಟು ಅವನ ಎದುರು ಕೂತರು.